ಛಟ್ಟಿ ಅಮಾಸಿಯ ದಿನ ನಡೆದ ಮಿಲ್ಲು

ನಮ್ಮ ಬ್ಯಾಂಕಿನಲ್ಲಿ ಎರಡು ಲೋಕಗಳಿವೆ. ಒಂದು, ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯುವವರ ಲೋಕ. ಇನ್ನೊಂದು ನಮ್ಮದು, ಕಾರ್ಪೊರೇಟ್ ಮತ್ತು ಹೂಡಿಕೆ ವಿಭಾಗ. ಇಲ್ಲಿಗೆ ಕಂಪನಿಗಳು ಮಾತ್ರ ಬರುತ್ತವೆ, ಅವು ಬೆಂಚಿನ ಮೇಲೆ ಕೂರುವುದಿಲ್ಲ. ಕಲಬುರಗಿಯಲ್ಲಿ ಈ ವಿಭಾಗದ ಪ್ರಾದೇಶಿಕ ಮುಖ್ಯಸ್ಥೆ ನಾನು, ಹುಮೇರಾ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲರ ಮುಖಂಡ, ಅಂದರೆ ಮುಕ್ಕಾದಮನಾಗಿದ್ದ ಖಾಜಾಮಿಯಾನ ಮಗಳು ಎಂದು ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಇಲ್ಲ. ಆದರೆ ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಆ ಹೆಸರೊಂದೇ ನಡೆಯುತ್ತದೆ.

ಹೋದ ಮಳೆಗಾಲದಲ್ಲಿ ಮುಂಬೈಯಿಂದ ಐದು ವರ್ಷದ ಯೋಜನೆ ಬಂತು. ವ್ಯವಹಾರ ಎರಡು ಪಟ್ಟು ಆಗಬೇಕು, ಗಿರಾಕಿಗಳು ಅರ್ಧಕ್ಕಿಳಿಯಬೇಕು. ಇದೆಂಥ ಲೆಕ್ಕ ಎಂದು ಮೊದಲು ನಕ್ಕೆ. ಓದುತ್ತಾ ಹೋದಂತೆ ತಲೆಗೆ ಹತ್ತಿತು. ಪ್ರತಿ ಪ್ರದೇಶದಲ್ಲಿ ಬೆಳೆಯುವ ಹನ್ನೆರಡು ಕಂಪನಿ ಆರಿಸಿಕೊಳ್ಳಬೇಕು, ಅವುಗಳ ಜೊತೆಗೇ ಬ್ಯಾಂಕೂ ಬೆಳೆಯಬೇಕು. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗಿನವನು ನೂಲು ತೆಗೆಯಲಿ, ನೂಲು ತೆಗೆಯುವವನು ಹೊರದೇಶಕ್ಕೆ ಕಳಿಸಲಿ, ಮುಂದೊಂದು ದಿನ ಅವನಿಗೆ ಹೂಡಿಕೆದಾರರನ್ನೂ ನಾವೇ ತಂದುಕೊಡೋಣ. ಯೋಜನೆ ಕೆಟ್ಟದ್ದಲ್ಲ. ನನಗೆ ಸಿಟ್ಟು ಬಂದದ್ದು ಅದರ ನಕ್ಷೆ ನೋಡಿ. ಕಲಬುರಗಿಯ ಮೇಲೊಂದು ಕೆಂಪು ಚುಕ್ಕೆ, ರಾಯಚೂರಿನ ಮೇಲೊಂದು. ನಡುವೆ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಖಾಲಿ. ಹುಣಸಗಿ ಕಡೆಯ ಕಾಲುವೆ ನೀರಿಗೆ ಬೆಳೆಯುವ ಹತ್ತಿಯೇನು ಗಾಳಿಗೆ ಹಾರಿಹೋಗುತ್ತದೆಯೇ?

ಮೂರು ತಿಂಗಳು ಜಗಳವಾಡಿದೆ. ಹನ್ನೆರಡರಲ್ಲಿ ಒಂದು ಜಾಗ ಸಿಕ್ಕಿತು, ಅದೂ ಪೆನ್ಸಿಲಿನಲ್ಲಿ ಬರೆದಂತೆ. ಆ ಜಾಗಕ್ಕೆ ನಾನು ಹಾಕಿದ ಹೆಸರು ಗುರಣ್ಣನವರ ಜಿನ್ನಿಂಗ್ ಮಿಲ್ಲು. ನೂಲಿನ ಘಟಕ ಹಾಕಬೇಕೆಂಬುದು ಗುರಣ್ಣನವರಿಗೂ, ಈಗ ಮಿಲ್ಲು ನೋಡಿಕೊಳ್ಳುವ ಸೊಸೆ ಮಲ್ಲೇಶ್ವರಿಗೂ ಬಹಳ ದಿನದ ಆಸೆ. ನಮ್ಮ ಯೋಜನೆಯ ಮುಖ್ಯಸ್ಥ ಸುನೀಲಕುಮಾರ ಬಂದು ಮಿಲ್ಲು ನೋಡಿ ಒಪ್ಪಬೇಕು. ಒಪ್ಪದಿದ್ದರೆ ನಮ್ಮ ಜಿಲ್ಲೆಗೆ ಇನ್ನೈದು ವರ್ಷ ಖಾಲಿ ನಕ್ಷೆಯೇ ಗತಿ.

ಅಬ್ಬಾ ದುಡಿದದ್ದು ಆ ಮಿಲ್ಲಿನಲ್ಲೇ, ಅದರ ಸದ್ದಿನಲ್ಲೇ ನಾನು ಬೆಳೆದದ್ದು. ಸೀಜನ್ ಶುರುವಾದರೆ ಮನೆಯ ತಗಡು ಸಣ್ಣಗೆ ನಡುಗುತ್ತಿತ್ತು. ನಮಗದು ಎಷ್ಟು ರೂಢಿಯೆಂದರೆ ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಅಬ್ಬಾ ಮನೆಗೆ ಬಂದರೆ ಗಡ್ಡದ ತುಂಬ ಹತ್ತಿಯ ಎಳೆ. ಅಮ್ಮಿ ಅವರನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಟವೆಲಿನಿಂದ ಜಾಡಿಸಿ ಒಳಗೆ ಬಿಡುತ್ತಿದ್ದಳು. ಗೋದಾಮಿನ ಹತ್ತಿ ರಾಶಿಯ ಮೇಲೆ ನಾವು ಹುಡುಗರು ಧುಮುಕುತ್ತಿದ್ದೆವು. ಮುಕ್ಕಾದಮನ ಮಗಳೆಂದು ನನಗೆ ಎಲ್ಲರಿಗಿಂತ ಒಂದು ಬೈಗುಳ ಹೆಚ್ಚು.

ಅಮಾವಾಸ್ಯೆಯ ದಿನ ಮಾತ್ರ ಮಿಲ್ಲು ಬಂದ್. ಅಬ್ಬಾ ಬಿಸಿಲು ಏರುವ ತನಕ ಮಲಗುತ್ತಿದ್ದರು. ಎದ್ದು ನಮ್ಮನ್ನು ಕೆರೆಗೆ ಕರೆದುಕೊಂಡು ಹೋಗಿ ಮೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಮಧ್ಯಾಹ್ನ ಹಮಾಲರ ಮನೆಗಳಿಂದ ಹೋಳಿಗೆ ಬರುತ್ತಿತ್ತು. ಒಂದೊಂದು ಮನೆಯದು ಒಂದೊಂದು ರುಚಿ. ಗೊಲ್ಲಾಳಮ್ಮನ ಮನೆಯದಕ್ಕೆ ನಾವು ಕಿತ್ತಾಡುತ್ತಿದ್ದೆವು. ತಿಂಗಳಿಗೆ ಆ ಒಂದೇ ದಿನ ಅಬ್ಬಾ ಪೂರ್ತಿ ನಮ್ಮವರು. ಅವರು ಹೋಗಿ ಎಂಟು ವರ್ಷವಾಯಿತು. ಈಗಲೂ ಅವರು ನೆನಪಾದರೆ ಕೆಲಸದ ಬಟ್ಟೆಯಲ್ಲಿ ನೆನಪಾಗುವುದಿಲ್ಲ. ಒದ್ದೆ ಲುಂಗಿಯಲ್ಲಿ, ಕೆರೆಯ ಮೆಟ್ಟಿಲ ಮೇಲೆ, ನಗುತ್ತಾ ಕಾಣಿಸುತ್ತಾರೆ.

ಇಷ್ಟೆಲ್ಲ ನೆನಪಿಟ್ಟುಕೊಂಡವಳು ಭೇಟಿಯ ದಿನ ಗೊತ್ತು ಮಾಡುವಾಗ ಮಾಡಿದ್ದೇನು? ಮೊಬೈಲು ತೆಗೆದೆ. ಸುನೀಲಕುಮಾರರಿಗೆ ನವೆಂಬರಿನ ಒಂದು ಗುರುವಾರ ಬಿಡುವಿತ್ತು, ನನಗೂ ಇತ್ತು. ಗುರಣ್ಣನವರಿಗೆ ಫೋನ್ ಮಾಡಿದೆ. "ಗುರುವಾರಾ?" ಎಂದು ಅವರು ತುಸು ತಡೆದರು. "ಆಗ್ಲಿ ಬಿಡವ್ವ, ನೀ ಹೇಳಿದ ಮ್ಯಾಲ ಮುಗೀತು. ಊಟಕ್ಕ ಇಲ್ಲೇ ಇರ್ರಿ." ಗೋಡೆಯ ಕ್ಯಾಲೆಂಡರಿನಲ್ಲಾದರೆ ಕರಿ ದುಂಡು ಕಣ್ಣಿಗೆ ಬೀಳುತ್ತಿತ್ತು. ಮೊಬೈಲಿನಲ್ಲಿ ಅಮಾವಾಸ್ಯೆಯೂ ಇಲ್ಲ, ಹುಣ್ಣಿಮೆಯೂ ಇಲ್ಲ.

ಯಾದಗಿರಿ ಸ್ಟೇಷನ್ನಿನಲ್ಲಿ ಸುನೀಲಕುಮಾರರನ್ನು ಇಳಿಸಿಕೊಂಡು ಭೀಮಾ ಸೇತುವೆ ದಾಟಿ ಶಹಾಪುರ ಮುಟ್ಟಿದೆವು. ಮೈಸೂರಿನ ಕಡೆಯ ಮನುಷ್ಯ, ಮೆತ್ತಗಿನ ಮಾತು. ದಾರಿಯುದ್ದಕ್ಕೂ ಹತ್ತಿಯ ಬಗ್ಗೆ ಕೇಳಿದರು, ನಾನು ಪಟಪಟ ಹೇಳಿದೆ. ಮಿಲ್ಲಿನ ಗೇಟಿನೊಳಗೆ ಕಾರು ನಿಂತಾಗ ಏನೋ ಸರಿಯಿಲ್ಲ ಅನ್ನಿಸಿತು. ಸದ್ದೇ ಇಲ್ಲ. ಯಂತ್ರಗಳಿಗೆಲ್ಲ ಚೆಂಡು ಹೂವಿನ ಸರ, ವಿಭೂತಿ. ಅಂಗಳ ಗುಡಿಸಿ ನೀರು ಹೊಡೆದಿತ್ತು.

"ಬರ್ರಿ ಸಾಹೇಬ್ರ, ಛಟ್ಟಿ ಅಮಾಸಿ ದಿನ ಬಂದೀರಿ, ಛಲೋ ಆತು. ಪೂಜಿ ಈಗ ಮುಗೀತು," ಎಂದರು ಗುರಣ್ಣ. ಎಪ್ಪತ್ತೈದು ದಾಟಿದ ಮನುಷ್ಯ, ಮಡಿ ಧೋತರ, ಮುಖದ ತುಂಬ ನಗು. ಮಲ್ಲೇಶ್ವರಿ ಹೋಳಿಗೆಯ ತಟ್ಟೆ ತಂದಿಟ್ಟಳು.

ನಾನು ಗೊತ್ತು ಮಾಡಿದ ಗುರುವಾರ ಕಾರ್ತಿಕದ ಅಮಾವಾಸ್ಯೆಯಾಗಿತ್ತು.

ಸುನೀಲಕುಮಾರ ಹೋಳಿಗೆ ತಿಂದರು, ಹೊಗಳಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ಹೂವು ಹಾಕಿರೋ ಮಿಷಿನ್ ನೋಡಿ ನಾನೇನಂತ ಬರೀಲಿ? ನಾಡಿದ್ದು ಪಟ್ಟಿ ಕೊಡ್ಬೇಕು. ಇನ್ನೊಂದ್ಸಲ ಬರೋಕೆ ನನಗೆ ದಿನ ಇಲ್ಲ. ಒಂದು ಗಂಟೆ ಓಡಿಸಿ ತೋರಿಸಿದ್ರೆ ಸಾಕು."

ತಪ್ಪು ನನ್ನದು. ದಿನ ನಾನು ಗೊತ್ತು ಮಾಡಿದ್ದು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಪಟ್ಟಿ ಕೈ ತಪ್ಪುತ್ತದೆ, ಜೊತೆಗೆ ಈ ನೆಲದ ಮಗಳೆಂದು ಮುಂಬೈಯಲ್ಲಿ ಮೆರೆದದ್ದೂ ಮಣ್ಣುಪಾಲು. ಗುರಣ್ಣನವರ ಹತ್ತಿರ ಹೋದೆ.

"ಕಾಕಾ, ಒಂದ್ ತಾಸು ಮಿಲ್ಲು ಹಚ್ರಿ."

ಅವರ ನಗು ನಿಂತಿತು. "ಇವತ್ತಾ?"

"ಹೌದ್ರಿ. ಸಾಹೇಬ್ರು ನೋಡಬೇಕಂತ."

"ಸಾಹೇಬ್ರ ಮಾತು ಬಿಡು. ನೀ ಹೇಳಾಕತ್ತೀಯೇನು? ಖಾಜಾಮಿಯಾನ ಮಗಳು ಹೇಳಾಕತ್ಯಾಳಂತ ನಾ ತಿಳ್ಕೊಳ್ಳಲೇನು?"

ವಯಸ್ಸಾದವರು ಒಂದೇ ಮಾತನ್ನು ಎರಡು ಸಲ ಕೇಳುತ್ತಾರೆ ಎಂದುಕೊಂಡೆ. ಸುನೀಲಕುಮಾರ ಗಡಿಯಾರ ನೋಡುತ್ತಿದ್ದರು. "ಹೌದ್ರಿ ಕಾಕಾ, ನಾನೇ ಹೇಳಾಕತ್ತೇನಿ. ಹಚ್ರಿ," ಎಂದೆ, ತುಸು ಜೋರಾಗಿಯೇ.

ಗುರಣ್ಣ ಹಮಾಲರ ಓಣಿಗೆ ಆಳು ಕಳಿಸಿದರು. ಅರ್ಧ ತಾಸಿನಲ್ಲಿ ಹತ್ತು ಜನ ಬಂದರು. ಒಗೆದ ಅಂಗಿ, ಹಣೆಯ ಮೇಲೆ ವಿಭೂತಿ. ಒಬ್ಬ ಊಟ ಬಿಟ್ಟು ಬಂದಿದ್ದನೆಂದು ಕಾಣುತ್ತದೆ, ಕೈ ಇನ್ನೂ ಒದ್ದೆಯಿತ್ತು. ಗೊಲ್ಲಾಳಮ್ಮನೂ ಬಂದಿದ್ದಳು. ಹತ್ತಿಯಲ್ಲಿನ ಕಸ ಆರಿಸಿ ಆರಿಸಿ ಅವಳ ಬೆನ್ನು ಬಾಗಿಹೋಗಿದೆ. ನನ್ನ ಗದ್ದ ಹಿಡಿದು ಹೇಳಿದಳು, "ಮುಕ್ಕಾದಮನ ಮಗಳೇ ಹೇಳ್ಯಾಳಂತ. ಹಂಗಂದ ಮ್ಯಾಲ ಯಾರೂ ಒಲ್ಲೆ ಅನ್ನಲಿಲ್ಲ ನೋಡು."

ನನಗೆ ಹೆಮ್ಮೆಯಾಯಿತು. ಅಬ್ಬಾ ಹೋಗಿ ಇಷ್ಟು ವರ್ಷವಾದರೂ ಅವರ ಹೆಸರಿಗೆ ಜನ ಬರುತ್ತಾರಲ್ಲ ಎಂದು ಕಣ್ಣು ತುಂಬಿ ಬಂತು. ಆ ಹೆಮ್ಮೆಯನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಗುರಣ್ಣ ತಾವೇ ಹೂವಿನ ಸರ ತೆಗೆದು ಮಿಲ್ಲು ಹಚ್ಚಿದರು. ನೆಲ ನಡುಗಿತು, ಹತ್ತಿಯ ಎಳೆ ಹಾರಿತು. ಸುನೀಲಕುಮಾರರ ಮುಖ ಅರಳಿತು. ವರದಿಯಲ್ಲಿ ಅವರು ಬರೆದ ಒಂದು ಸಾಲು ಹೀಗಿತ್ತು: ಅಗತ್ಯ ಬಿದ್ದರೆ ಸ್ಥಳೀಯ ರಜಾದಿನದಲ್ಲೂ ಕೆಲಸಗಾರರು ಬರುತ್ತಾರೆ. ಆ ಸಾಲು ಮಿಲ್ಲನ್ನು ಪಟ್ಟಿಗೆ ಏರಿಸಿತು. ನೂಲಿನ ಘಟಕ ಹಗಲಿರುಳು ತಿರುಗಬೇಕು, ಅದಕ್ಕೆ ಹತ್ತಿ ಒಂದು ದಿನವೂ ತಪ್ಪಬಾರದು. ಹಾಗಾಗಿ ಸೀಜನ್ನಿನಲ್ಲಿ ತಿಂಗಳಿಗೆ ಮೂವತ್ತು ದಿನ ಮಿಲ್ಲು ನಡೆಯಬೇಕು ಎಂಬ ಷರತ್ತನ್ನು ನಾನೇ ಕರಾರಿಗೆ ಸೇರಿಸಿದೆ. ಆ ಷರತ್ತು ತೆಗೆದರೆ ಹೆಸರು ಪಟ್ಟಿಯಿಂದ ಬೀಳುತ್ತದೆ.

ಫೆಬ್ರುವರಿಯಲ್ಲಿ ಯಾದಗಿರಿ ಶಾಖೆಯ ಮಹಡಿಯ ಮೇಲೆ ಸಹಿಯಾಯಿತು. ಮಲ್ಲೇಶ್ವರಿ ಪೇಢೆ ಹಂಚಲು ಕೆಳಗಿಳಿದಳು. ಗುರಣ್ಣನವರೂ ನಾನೂ ಉಳಿದೆವು. ಹಳೆಯದೆಲ್ಲ ನೆನಪಾಗಿ ಹೇಳಿದೆ, "ಅಬ್ಬಾ ಇದ್ದಿದ್ರ ಭಾಳ ಖುಷಿ ಪಡ್ತಿದ್ರು, ಕಾಕಾ."

"ಅದ ನನಗ ತಿಳೀವಲ್ದು ಹುಮೇರಾ. ನಿಮ್ಮಪ್ಪ ತೊಗೊಂಡ ಮಾತು ನೀ ಯಾಕ ಬಿಡಿಸಿದಿ?"

"ಯಾವ ಮಾತ್ರಿ?"

ಅವರು ನನ್ನ ಮುಖವನ್ನೇ ನೋಡಿದರು. "ನಿನಗ ಗೊತ್ತಿರಲಿಲ್ಲೇನು?"

ನಾನಿನ್ನೂ ತೊಟ್ಟಿಲಲ್ಲಿದ್ದಾಗಿನ ಮಾತು. ಹಮಾಲರು ಹನ್ನೊಂದು ದಿನ ಗೇಟಿನ ಮುಂದೆ ಕೂತಿದ್ದರಂತೆ. ಗುರಣ್ಣ ಕಡೆಗೆ ಕೂಲಿ ಏರಿಸುತ್ತೇನೆಂದರು. ಅಬ್ಬಾ ಕೂಲಿ ಬೇಡ, ತಿಂಗಳಿಗೊಂದು ದಿನ ಕೊಡಿ ಎಂದರು.

"ಶುಕ್ರವಾರ ತೊಗೊಳ್ಳೋ ಖಾಜಾ, ಅಂದೆ ನಾನು. ಅದಕ್ಕ ಅಂವ, ನನ್ನ ನಮಾಜಿಗಿ ಒಂದ್ ತಾಸು ಸಾಕ್ರಿ ಸಾವ್ಕಾರ್ರ, ಈ ಮಂದಿಗಿ ಅಮಾಸಿ ಬೇಕು, ಎತ್ತಿಗೇ ನೊಗ ಹೂಡಂಗಿಲ್ಲ ಅವತ್ತು, ಅಂದ. ಕಾಗದಿಲ್ಲ ಪತ್ರಿಲ್ಲ. ಕೈಮ್ಯಾಲ ಕೈ ಇಟ್ಟು ಮಾತು ಕೊಟ್ಟೆ. ನಮ್ಮ ಕಡಿ ಪದ್ಧತಿ ನಿನಗ ಗೊತ್ತದಲ್ಲ, ಮಾತು ತೊಗೊಂಡಾಂವ ಹ್ವಾದ ಮ್ಯಾಲ ಅವನ ಮಕ್ಕಳೇ ಅದನ್ನ ಬಿಡಿಸಬೇಕು, ಬ್ಯಾರೆ ಯಾರಿಗೂ ಹಕ್ಕಿಲ್ಲ. ಅದಕ್ಕ ಅವತ್ತು ಎರಡ್ ಸಲ ಕೇಳಿದೆ."

ಕೆರೆಯ ಮೆಟ್ಟಿಲ ಮೇಲಿನ ಆ ದಿನಗಳನ್ನು ಅಬ್ಬಾ ತಮ್ಮ ಕೂಲಿ ಕೊಟ್ಟು ಕೊಂಡಿದ್ದರು. ನಾನವನ್ನು ಒಂದು ತಾಸಿಗೆ ಮಾರಿದ್ದೆ.

"ಕಾಕಾ, ಈಗ ನಾನೇ ಹೇಳಾಕತ್ತೇನಿ. ಅಮಾಸಿ ದಿನ ಮಿಲ್ಲು ಹಚ್ಚಬ್ಯಾಡ್ರಿ. ಆ ಮಾತು ಹಂಗೇ ಇರ್ಲಿ."

ಗುರಣ್ಣ ಕನ್ನಡಕ ಹಾಕಿಕೊಂಡು ಕರಾರಿನ ಹಾಳೆ ತಿರುವಿದರು. ಮೂವತ್ತು ದಿನದ ಆ ಷರತ್ತಿನ ಮೇಲೆ ಬೆರಳಿಟ್ಟರು. ಅವರಿಗೆ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ಆ ಮಾತು ಖಾಜಾಗ ಕೊಟ್ಟಿದ್ದೆ, ನೀ ಬಿಡಿಸಿದಿ. ಈಗ ಈ ಮಾತು ಬ್ಯಾಂಕಿಗಿ ಕೊಟ್ಟೀನವ್ವ. ಬ್ಯಾಂಕಿಗಿ ಮಕ್ಕಳಿರಂಗಿಲ್ಲ, ಬಿಡಸಾಕ."

ಕೋಲು ಹಿಡಿದು ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಮುಂದಿನ ಅಮಾವಾಸ್ಯೆಗೆ ಇನ್ನು ಆರು ದಿನವಿತ್ತು.