ಕಳಕವ್ವನ ದಾಸವಾಳಕ್ಕೆ ಬೇವಿನೆಣ್ಣೆ

ಮೆಣಸಗಿಯ ಕಳಕವ್ವನ ಅಂಗಳದ ದಾಸವಾಳಕ್ಕೆ ಹುಳ ಬಿದ್ದಿತ್ತು. ಎಳೆ ಕುಡಿಗಳ ಸಂದಿಯಲ್ಲಿ ಹತ್ತಿ ಅಂಟಿಸಿದಂತೆ ಬಿಳಿ ಹುಳಗಳು ಕೂತಿದ್ದವು. ಮೊಗ್ಗು ಬಿರಿಯದೆ ಉದುರುತ್ತಿದ್ದವು. ತೀರಿಕೊಂಡ ಗಂಡ ಅಂದಾನಪ್ಪ ನೆಟ್ಟ ಗಿಡ ಅದು. ಅವನು ಹೋದ ಮೇಲೂ ದಿನದ ಲಿಂಗಪೂಜೆಗೆ ಅದರ ಹೂವೇ ಬರುತ್ತಿತ್ತು. ಈಗ ಕಳಕವ್ವ ಬರೀ ಪತ್ರಿ ಏರಿಸಿ ಕೈಮುಗಿಯುತ್ತಿದ್ದಳು.

ಮಗ ಸಿದ್ದಾರೂಢನಿಗೆ ಹಿತ್ತಲದ ಬದನೆಯ ಚಿಂತೆ.

“ಯವ್ವಾ, ಹುಳ ಬದನಿಗೂ ದಾಟ್ಯಾವು. ಹೊಲದ ಔಷಧ ಹೊಡೀಲೇನು?”

“ಬ್ಯಾಡಪಾ. ಬಾಜೂಕ ಕುಡಿಯೋ ನೀರಿನ ಕೊಡ ಇರ್ತಾವು, ಆಕಳ ಕರ ಕಟ್ಟತೀವಿ.”

“ಹಂಗಾದ್ರ ಅಮಾಸಿ ತನಕ ನೋಡ್ತೀನಿ. ಆಮ್ಯಾಲ ದಾಸವಾಳದ ಗಿಡ ಕಿತ್ತ ಒಗ್ಯೂದ.”

ಕಳಕವ್ವ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮರುದಿನ ಪಕ್ಕದ ಮನೆಯ ಕಾಶೀಂಬಿ ಬೇವಿನೆಣ್ಣೆಯ ಬಾಟಲಿ ತಂದುಕೊಟ್ಟಳು. ನೀರಿಗೆ ಎಣ್ಣೆ, ಜೊತೆಗೆ ಸ್ವಲ್ಪ ಸೋಪು ಹಾಕಿ ಸಿಂಪಡಿಸು ಎಂದು ಹೇಳಿಹೋದಳು.

ಕಳಕವ್ವ ಸಿಂಪಡಿಸಿದ ಎರಡು ದಿನದಲ್ಲಿ ಎಲೆಗಳ ಮೇಲೆ ಕಂದು ಕಲೆ ಎದ್ದವು.

“ನಿನ್ನ ಬೇವಿನೆಣ್ಣಿ ಗಿಡಾನ ಸುಡ್ತು ನೋಡವಾ,” ಎಂದಳು ಕಳಕವ್ವ. “ಹುಳ ಮಾತ್ರ ಬೀಗರ ಮನಿಗೆ ಬಂದಾಂಗ ಆರಾಮ ಅದಾವು.”

ಕಾಶೀಂಬಿ ಒಂದು ಎಲೆ ತಿರುವಿ ನೋಡಿದಳು. ಅಡಿಭಾಗಕ್ಕೆ ಮದ್ದು ತಾಗಿಯೇ ಇರಲಿಲ್ಲ. ಮೇಲೆ ಎಣ್ಣೆ ಅಲ್ಲಲ್ಲಿ ಜಿಡ್ಡುಗಟ್ಟಿತ್ತು.

“ಯಕ್ಕಾ, ಸೋಪ ಹಾಕಿದ್ಯೋ ಇಲ್ಲೋ?”

ಕಳಕವ್ವ ಸೆರಗು ಸರಿಮಾಡಿಕೊಂಡಳು. “ಮೈ ತೊಳಿಯೋ ಸೋಪಿನ ನೀರ ಬಿದ್ದ ಗಿಡದ ಹೂವ ಲಿಂಗಕ್ಕ ಹ್ಯಾಂಗ ಏರಿಸಲಿ?”

“ಹೊಡದದ್ದ ಯಾವಾಗ?”

“ಪೂಜಿ, ಅಡಗಿ ಮುಗದ ಮ್ಯಾಲ. ಮಟಮಟ ಮಧ್ಯಾನ.”

“ಅದಕ್ಕ ಹಿಂಗಾತು. ಎಣ್ಣಿ ನೀರಾಗ ತಾನಾಗೇ ಕೂಡೂದಿಲ್ಲ. ಬರೀ ಎಣ್ಣಿ ಎಲಿ ಮ್ಯಾಲ ಬಿತ್ತು, ಬಿಸಲಿಗೆ ಸುಡ್ತು.” ಕಾಶೀಂಬಿ ನಗಲಿಲ್ಲ. ಎಲೆ ಕೈಬಿಟ್ಟು ಕೇಳಿದಳು, “ನಿನ್ನ ಬೆಳ್ಳಿ ಕರಡಗಿ ಯಾತರಿಂದ ತಿಕ್ಕತೀ ಯಕ್ಕಾ?”

“ಲಿಂಗ ಇಡೋ ಕರಡಗಿ ಏನ? ಅಂಟವಾಳ ಕಾಯಿ ನೊರಿಯಿಂದ. ನಮ್ಮತ್ತಿ ಕಾಲದಿಂದ.”

“ದೇವರ ಕರಡಗಿಗೆ ನಡಿಯೋ ನೊರಿ ದೇವರ ಗಿಡಕ್ಕ ನಡಿಯೂದಿಲ್ಲೇನು?”

 ಕಳಕವ್ವ ಒಳಗೆ ಹೋಗಿ ಅಂಟವಾಳ ಕಾಯಿ ನೆನೆಹಾಕಿದಳು.

ಹೊತ್ತು ಇಳಿದ ಮೇಲೆ ಇಬ್ಬರೂ ಗಿಡಕ್ಕೆ ಜೋರಾಗಿ ನೀರು ಹೊಡೆದು ಹುಳ ಉದುರಿಸಿದರು. ಅಂಟವಾಳ ಕಿವುಚಿ ಸೋಸಿದ ನೀರಿಗೆ ಒಂದು ಸಣ್ಣ ಚಮಚ ಬೇವಿನೆಣ್ಣೆ ಹಾಕಿ, ಹಾಲಿನಂತೆ ಬೆಳ್ಳಗಾಗುವ ತನಕ ಕುಲುಕಿದರು. ಉಳಿದ ನೀರು ಬೆರೆಸಿ ಒಂದು ಲೀಟರು ಮಾಡಿದರು. ಅಂದು ಒಂದೇ ಟೊಂಗೆಗೆ ಸಿಂಪಡಿಸಿದರು. ಮರುದಿನ ಆ ಟೊಂಗೆ ಸುಡದಿದ್ದುದನ್ನು ಕಂಡು, ಸಂಜೆ ಹೊಸದಾಗಿ ಕಲಸಿ ಇಡೀ ಗಿಡಕ್ಕೆ ಹೊಡೆದರು. ಕಾಶೀಂಬಿ ಬಗ್ಗಿ ಎಲೆಯ ಅಡಿಗೂ ತಾಗಿಸಿದಳು.

“ಹುಳ ಲಗೂನ ಸಾಯ್ತಾವೇನ?” ಎಂದು ಕಳಕವ್ವ ಕೇಳಿದಳು.

“ಲಗೂ ಅಂದ್ರ ಹ್ಯಾಂಗ? ಇದು ನಿಧಾನದ ಮದ್ದು. ಹುಳ ತಿನ್ನೂದ ಬಿಡ್ತಾವು, ಮರಿ ಬೆಳಿಯೂದಿಲ್ಲ. ವಾರಕ್ಕೊಮ್ಮಿ ಹೊಡೀತಿರು.”

ಅಮಾವಾಸ್ಯೆಯ ಬೆಳಿಗ್ಗೆ ಸಿದ್ದಾರೂಢ ಗುದ್ದಲಿ ಹಿಡಿದು ಅಂಗಳಕ್ಕೆ ಬಂದ. ಗಿಡದಲ್ಲಿ ಹೂವಿರಲಿಲ್ಲ. ಆದರೆ ಹೊಸ ಕುಡಿ ಒಡೆದಿತ್ತು, ಅದರ ಮೇಲೆ ಬಿಳಿಯದೇನೂ ಇರಲಿಲ್ಲ. ಕಳಕವ್ವ ಕಟ್ಟೆಯ ಮೇಲೆ ಕೂತು ಗುದ್ದಲಿಯನ್ನೇ ನೋಡುತ್ತಿದ್ದಳು. ಅವನು ಎಲೆಗಳನ್ನು ಒಂದೊಂದಾಗಿ ತಿರುವಿದ. ಆಮೇಲೆ ಗುದ್ದಲಿಯಿಂದ ಬುಡದ ಮಣ್ಣು ಸಡಿಲಿಸಿ ಪಾತಿ ಮಾಡಿದ.

“ಆ ಮದ್ದ ಉಳದದ್ದ ಐತೇನ ಯವ್ವಾ? ಬದನಿಗೂ ಹೊಡೀತೀನಿ.”

“ಉಳಿಸಿಟ್ಟದ್ದ ನಡಿಯೂದಿಲ್ಲ. ಸಂಜೀಕ ಹೊಸದ ಕಲಸಿ ಕೊಡ್ತೀನಿ,” ಎಂದಳು ಕಳಕವ್ವ, ತಾನೇ ಊರಿಗೆಲ್ಲ ಕಲಿಸಿದವಳಂತೆ.

ಕೆಲವು ದಿನ ಬಿಟ್ಟು ಒಂದು ಹೂವು ಬಿರಿಯಿತು. ಲಿಂಗಕ್ಕೆ ಏರಿಸುವಾಗ ಅವಳ ಕಣ್ಣು ಅಂದಾನಪ್ಪನ ಪಟದ ಕಡೆಗೆ ಹೋಯಿತು.

ಓದುವ ತಾಯಂದಿರೇ, ಅಣ್ಣತಮ್ಮಂದಿರೇ, ಹುಳ ಬಿದ್ದ ಗಿಡವನ್ನು ಕೀಳುವ ಮೊದಲು ಎಲೆ ತಿರುವಿ ನೋಡಿರಿ. ಲೀಟರು ನೀರಿಗೆ ಸಣ್ಣ ಚಮಚ ಬೇವಿನೆಣ್ಣೆ ಸಾಕು. ಸೋಪೋ ಅಂಟವಾಳವೋ ಜೊತೆಗಿರಲಿ, ಬಿಸಿಲು ಇಳಿದಿರಲಿ. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿರಿ. ನೆಟ್ಟವರು ಹೋಗಿರಬಹುದು, ಗಿಡ ನಿಮ್ಮ ಕೈಯಲ್ಲಿದೆ.