ಏಳನೇ ಕಂಬದ ಹಸಿ ಬಣ್ಣ

ಅಪ್ಪ ಸತ್ತು ಮೂರು ವಾರವಾಗಿತ್ತು. ನನಗಿನ್ನೂ ಅಳು ಬಂದಿರಲಿಲ್ಲ. ‘ಕಲ್ಲು ಮನಸ್ಸಿನವಳು’ ಎಂದು ಚಿಕ್ಕಮ್ಮ ನನ್ನೆದುರೇ ಅಂದಳು. ಇರಬಹುದು. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಅಷ್ಟೇ.

ಹಳೆಯ ಕಟ್ಟಡಗಳ ತಪಾಸಣೆ ನನ್ನ ಕೆಲಸ. ಅವತ್ತು ಎರಕದ ಕಬ್ಬಿಣದ ನಾಲ್ಕು ಮಹಡಿಯ ಹಳೇ ಮಳಿಗೆಯ ಸರದಿ. ಅದರ ಮುಂಭಾಗವೆಲ್ಲ ಅಚ್ಚಿನಲ್ಲಿ ಎರೆದ ಕಬ್ಬಿಣ. ಎಲೆ, ಬಳ್ಳಿ, ಕಮಾನು ಎಲ್ಲವೂ ಕಲ್ಲಿನ ಕೆತ್ತನೆಯಂತೆ ನಟಿಸುತ್ತವೆ. ಗೋಡೆ ಭಾರ ಹೊರಬೇಕಿಲ್ಲ, ಹಾಗಾಗಿ ಕಿಟಕಿಗಳು ಆಳೆತ್ತರ. ಭಾರವೆಲ್ಲ ಒಳಗಿನ ಹನ್ನೆರಡು ಪೊಳ್ಳು ಕಂಬಗಳದ್ದು. ಅವಕ್ಕೆ ಮೂವತ್ತು ವರ್ಷ ಬಣ್ಣ ಬಳಿದವನು ಅಪ್ಪ. ನೆಲಮಹಡಿಯಲ್ಲಿ ತಮ್ಮನ ಹೊಲಿಗೆ ಅಂಗಡಿ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ದೋಷವಿಲ್ಲದ ಕಂಬ ಗಂಟೆಯಂತೆ ಮೊಳಗುತ್ತದೆ. ಆರು ಕಂಬ ಮೊಳಗಿದವು. ತಮ್ಮನ ಮೇಜಿನ ಪಕ್ಕದ ಏಳನೆಯದನ್ನು ನಾನು ಈವರೆಗೆ ತಟ್ಟಿಯೇ ಇರಲಿಲ್ಲ. ಪ್ರತಿ ತಪಾಸಣೆಗೂ ಅಪ್ಪ ಅದಕ್ಕೆ ಆಗಷ್ಟೇ ಬಣ್ಣ ಬಳಿದಿರುತ್ತಿದ್ದ.

“ಹಸಿ ಇದೆ, ಮುಟ್ಟಬೇಡ. ಗಟ್ಟಿಯಾಗಿದೆ, ಬರ್ಕೋ.”

ಅಪ್ಪನ ಮಾತಲ್ಲವೇ, ಬರೆದುಕೊಳ್ಳುತ್ತಿದ್ದೆ.

ಈ ಸಲ ಬಣ್ಣ ಒಣಗಿತ್ತು. ತಟ್ಟಿದೆ. ಒಡಕು ಮಡಕೆಯ ಸದ್ದು. ಚಾಕುವಿನಿಂದ ಕೆರೆದೆ. ಬಣ್ಣದಡಿ ಸಂದು ಮುಚ್ಚುವ ಪುಟ್ಟಿ, ಪುಟ್ಟಿಯಡಿ ಮೊಳದುದ್ದ ಬಿರುಕು.

“ನಿನಗೆ ಗೊತ್ತಿತ್ತೇನೋ?”

ಅಳತೆ ಟೇಪು ಸುತ್ತುತ್ತ ತಮ್ಮ ನಿಂತ. “ಅಪ್ಪ ಹೇಳ್ಬೇಡ ಅಂದಿದ್ದ. ನಿನಗೆ ತಿಳಿದ್ರೆ ಬೀಗ ಹಾಕಿಸ್ತೀಯ, ಅಂಗಡಿ ಹೋಗುತ್ತೆ ಅಂತ. ಅಕ್ಕಾ, ಇದೊಂದ್ಸಲ ನೋಡಿಯೂ ನೋಡದ ಹಾಗಿರು.”

“ಮೇಲೆ ಮೂರು ಮಹಡಿ ತುಂಬ ಜನ ಇದ್ದಾರೆ ಕಣೋ.”

“ಇಷ್ಟು ವರ್ಷ ಬಿದ್ದಿಲ್ವಲ್ಲ!”

ಅಪ್ಪನ ಮೇಲೆ ಸಿಟ್ಟು ಬಂತು. ಮೂರು ವಾರದಲ್ಲಿ ನನಗೇನಾದರೂ ಅನ್ನಿಸಿದ್ದು ಅದೇ ಮೊದಲು. ಮಗಳನ್ನೇ ಯಾಮಾರಿಸಿದ್ದ! ಏಳನೇ ಕಂಬ ಬಿರುಕು ಬಿಟ್ಟಿದೆ, ಹಿಂದಿನ ಮೂರು ವರದಿ ತಪ್ಪು, ಅವುಗಳ ಸಹಿ ನನ್ನದೇ ಎಂದು ಬರೆದೆ. ನನ್ನ ಕೆಲಸಕ್ಕೂ ಕುತ್ತು ಬರಬಹುದು. ಬರಲಿ.

ಸಂಜೆಯೊಳಗೆ ಎಲ್ಲರನ್ನೂ ಹೊರಗೆ ಕಳಿಸಿದ್ದಾಯಿತು. ಹೊಲಿಗೆ ಯಂತ್ರವನ್ನು ತಮ್ಮನೇ ಹೊರಗಿಟ್ಟ. ಬಾಗಿಲಿಗೆ ಫಲಕ ಬೇಕಿತ್ತು. ಕಂಬದ ಹಿಂದೆ ಅಪ್ಪನ ಹಲಗೆ ಸಿಕ್ಕಿತು: ‘ಹಸಿ ಬಣ್ಣ, ಮುಟ್ಟಬೇಡಿ’. ಮಗುಚಿ, ಅವನದೇ ಬ್ರಷ್ಷಿನಿಂದ ‘ಅಪಾಯ, ಒಳಗೆ ಬರಬೇಡಿ’ ಎಂದು ಬರೆದು, ಒಣಗಲೆಂದು ಮೆಟ್ಟಿಲ ಮೇಲೆ ಹಿಡಿದು ಕೂತೆ.

ತಮ್ಮ ಬಂದು ಪಕ್ಕದಲ್ಲಿ ಕೂತ. ತಾನು ಹಿಡಿಯಲೆಂದು ಹಲಗೆಯತ್ತ ಕೈಚಾಚಿದ.

“ಹಸಿ ಇದೆ, ಮುಟ್ಟಬೇಡ” ಎಂದೆ.

ಆಗ ಅಳು ಬಂತು.