ಬೀಗರೂಟದ ಬೇಸ್ ಗಿಟಾರ್

ನನ್ನ ಗಂಡ ಬೇಸ್ ಗಿಟಾರ್ ನುಡಿಸುತ್ತಾರೆ. ಹೀಗೆ ಹೇಳಿದರೆ ಜನ ಮೊದಲು "ಓಹೋ" ಅನ್ನುತ್ತಾರೆ, ಆಮೇಲೆ "ಅಂದ್ರೆ ಅದ್ಯಾವುದು?" ಅಂತ ಕೇಳುತ್ತಾರೆ. ಸ್ಟೇಜಿನ ಎಡಗಡೆ ಮೂಲೆಯಲ್ಲಿ ಸ್ಪೀಕರ್ ಪೆಟ್ಟಿಗೆಯ ಪಕ್ಕ ಒಬ್ಬರು ಕತ್ತು ತಗ್ಗಿಸಿಕೊಂಡು ನಿಂತಿರುತ್ತಾರಲ್ಲ, ಹೆಣ್ಣು ಗಂಡಿನ ಫೋಟೋ ತೆಗೆಯುವವನು ಸ್ವಲ್ಪ ಪಕ್ಕಕ್ಕೆ ಹೋಗಿ ಅನ್ನುತ್ತಾನಲ್ಲ, ಅವರೇ ನಮ್ಮ ಯಜಮಾನರು, ಮುತ್ತುರಾಜು. ನಮ್ಮೂರು ಕೂಟಗಲ್ಲಿನಲ್ಲಿ ವಯಸ್ಸಾದವರು ಇವತ್ತಿಗೂ ಆ ಗಿಟಾರ್ ನೋಡಿ, "ಮಿಕ್ಕಿದ್ ಎಲ್ಡು ತಂತಿ ಎಲ್ಲೋದ್ವು ಮುತ್ತು?" ಅಂತ ವಿಚಾರಿಸುತ್ತಾರೆ. ಇವರು ಪ್ರತಿಸಲವೂ ನಿಂತು, ಇದಕ್ಕಿರುವುದೇ ನಾಲ್ಕು ಎಂದು ತಾಳ್ಮೆಯಿಂದ ವಿವರಿಸುತ್ತಾರೆ.

ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಮೂವತ್ತೆಂಟು ಕುರಿ. ನಾನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸಕ್ಕೆ ಹೋಗುತ್ತೇನೆ. ಇವರು ಕುರಿ ನೋಡಿಕೊಳ್ಳುತ್ತಾರೆ, ಕಾರ್ಯಕ್ರಮ ಇದ್ದ ದಿನ ನಟರಾಜಣ್ಣನ ಆರ್ಕೆಸ್ಟ್ರಾಗೆ ಹೋಗುತ್ತಾರೆ. ಟಿವಿಯಲ್ಲಿ ಯಾವ ಹಾಡು ಬಂದರೂ "ಬೇಸ್ ಕೇಳ್ತಾ, ಮಾನ್ಯ?" ಅಂತ ನನ್ನನ್ನು ಕೇಳುವುದು ಇವರ ಅಭ್ಯಾಸ. ನಾನು "ಊಂ, ಕೇಳ್ತು" ಅನ್ನುತ್ತೇನೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ಒಂದು ಸಲವೂ ನನಗೆ ಕೇಳಿಸಿರಲಿಲ್ಲ. ಹಾಡಿನಲ್ಲಿ ಹಾಡುವವರ ದನಿ ಕೇಳುತ್ತದೆ, ಡೋಲು ಕೇಳುತ್ತದೆ. ಅದರ ಕೆಳಗೆ ಇನ್ನೊಂದೇನೋ ಇದೆ ಅನ್ನುವುದನ್ನು ನಾನು ಗಂಡನ ಮೇಲಿನ ನಂಬಿಕೆಯಿಂದ ಒಪ್ಪಿಕೊಂಡಿದ್ದೆ, ಅಷ್ಟೇ.

ಒಂದು ಸೋಮವಾರ ನಟರಾಜಣ್ಣ ಮನೆಗೇ ಬಂದ. ಕಾಫಿ ಕುಡಿದು, ಕುರಿಗಳ ಯೋಗಕ್ಷೇಮ ವಿಚಾರಿಸಿದ. ಅಷ್ಟು ಮರ್ಯಾದೆ ತೋರಿಸಿದಾಗಲೇ ನನಗೆ ಅನುಮಾನ ಬಂತು.

"ನಮ್ ಕೀಬೋರ್ಡ್ ಸ್ವಾಮಿ ಹೊಸದು ತಂದವ್ನೆ ಕಣ್ಲಾ ಮುತ್ತು," ಅಂದ. "ಎಡಗೈಲೇ ಬೇಸೂ ನುಡಿಸ್ತಾನೆ. ವ್ಯಾನಲ್ಲೂ ಜಾಗ ಸಾಲ್ತಿಲ್ಲ. ನಿಂದು ಗುಂಯ್ ಅಂತ ಒಂದೇ ಸಮ ಎಳೀತದೆ, ಡ್ರಮ್ ಒಳಗೆ ಕಲಸೋಯ್ತದೆ. ನೀನಿದ್ರೂ ಇಲ್ದಿದ್ರೂ ಜನಕ್ಕೆ ಗೊತ್ತಾಗಕಿಲ್ಲ. ಬ್ಯಾಸರ ಮಾಡ್ಕಬ್ಯಾಡ. ಭಾನ್ವಾರ ಚನ್ನಪಟ್ಣದಲ್ಲಿ ಬೀಗರೂಟ ಐತೆ, ಬಂದು ನುಡಿಸು. ಅಲ್ಲೂ ಇಂಗೇ ಆದ್ರೆ, ಅದೇ ಕೊನೆ ಅನ್ಕೊ."

ಅವನು ಹೋದ ಮೇಲೆ ಇವರು ಹಳೇ ಬನಿಯನ್ ತಗೊಂಡು ಗಿಟಾರ್ ಒರೆಸುತ್ತ ಕೂತರು. ನಾನು ಸುಮ್ಮನಿರದೆ, "ಬುಡಿ, ಇನ್ಮೇಲೆ ಕುರಿಗೇ ನುಡಿಸಿ. ಅವು ಎದ್ದೋಗಾಕಿಲ್ಲ" ಅಂದೆ. ನನ್ನ ಯಾವ ತಮಾಷೆಗೂ ನಗದೆ ಬಿಟ್ಟ ಮನುಷ್ಯ ಅಲ್ಲ ಇವರು. ಅವತ್ತು ನಗಲಿಲ್ಲ. ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಹಾಗೆ ಅಂದದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ತಪ್ಪೆಲ್ಲ ಗಿಟಾರಿನದು ಎಂದು ಇವರು ಮಾರನೇ ದಿನ ತೀರ್ಮಾನಿಸಿದರು. ಮಾಗಡಿಯಲ್ಲಿ ಅನೀಸ್ ಅಂತ ಒಬ್ಬರಿದ್ದಾರೆ. ಮೊದಲು ಅವರೂ ಬೇಸ್ ನುಡಿಸುತ್ತಿದ್ದವರೇ, ಈಗ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾರೆ. ಅವರ ಐದು ತಂತಿಯ ಗಿಟಾರ್ ಮಾರಾಟಕ್ಕಿದೆಯಂತೆ. ಗುರುವಾರ ನಾನು ರಜೆ ಹಾಕಿದೆ. ನಮ್ಮ ಮಾವ ಬೀರಲಿಂಗಯ್ಯನವರೂ ಹೊರಟು ನಿಂತರು. ಕೊಂಡು ತರುವ ಪದಾರ್ಥ ಯಾವುದೇ ಆಗಲಿ, ಅವರು ಕೈಯಾರೆ ಮುಟ್ಟಿ ನೋಡದೆ ನಮ್ಮ ಮನೆ ಹೊಸ್ತಿಲು ದಾಟುವ ಹಾಗಿಲ್ಲ.

ಅಂಗಡಿಯ ಗಾಜಿನ ಮೇಜಿನ ಮೇಲೆ ಎರಡು ಗಿಟಾರನ್ನೂ ಪಕ್ಕಪಕ್ಕ ಮಲಗಿಸಿದರು. ಅನೀಸ್ ಅವರದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ನಮ್ಮದರ ಬಣ್ಣ ಮೊಣಕೈ ತಾಗುವ ಕಡೆಯೆಲ್ಲ ಸವೆದು ಮರ ಕಾಣುತ್ತಿತ್ತು. ಇವರು ಅದರಲ್ಲಿ ನಾಲ್ಕು ಸಲ ದುಂ ದುಂ ಅನ್ನಿಸಿದರು, ಇದರಲ್ಲಿ ನಾಲ್ಕು ಸಲ ಅನ್ನಿಸಿದರು, ಮತ್ತೆ ಅದನ್ನು ಎತ್ತಿಕೊಂಡರು. ಹೆಗಲಿಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರು, ಬಗ್ಗಿ ನೋಡಿದರು, ಒಳಗಿರುವ ಬ್ಯಾಟರಿ ಹಾಡಿನ ಮಧ್ಯೆ ಮುಗಿದರೆ ಏನು ಗತಿ ಎಂದು ಚಿಂತೆ ಮಾಡಿದರು. ಎರಡು ಗಂಟೆ ಹೀಗೇ ಕಳೆಯಿತು. ಅಷ್ಟರಲ್ಲಿ ಅನೀಸ್ ಮೂರು ಮೊಬೈಲ್ ರಿಪೇರಿ ಮಾಡಿ ಕಳಿಸಿದರು.

"ಕತ್ತು ಒಸಿ ಅಗಲ ಆಯ್ತು," ಅಂದರು ಇವರು.

"ನನ್ನ ನೋಡಾಕೆ ಬಂದಾಗ ಒಂದ್ ಲೋಟ ಕಾಫಿ ಮುಗಿಯೋದ್ರೊಳಗೆ ಒಪ್ಕೊಂಡ್ರಲ್ಲ," ಅಂದೆ. "ಆವತ್ತು ಇಷ್ಟೆಲ್ಲ ನೋಡ್ನಿಲ್ಲವಾ?"

"ಆವತ್ತು ನಂಗೆ ಅನುಭವ ಇರ್ನಿಲ್ಲ ಕಣೆ."

ಅನೀಸ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮೂರು ದಿನದ ಮೇಲೆ ಇವರ ಬಾಯಲ್ಲಿ ಒಂದು ತಮಾಷೆ ಬಂತಲ್ಲ ಅಂತ, ಬೈಸಿಕೊಂಡವಳು ನಾನಾದರೂ, ನನಗೂ ಸಂತೋಷವಾಯಿತು. ಆಮೇಲೆ ಮಾವ ಎದ್ದರು. ಕಪ್ಪು ಗಿಟಾರನ್ನು ಹೊಟ್ಟೆಗೆ ಕೈ ಕೊಟ್ಟು ಎತ್ತಿ ತೂಕ ನೋಡಿದರು, ಬೆನ್ನು ತಟ್ಟಿದರು, ಕತ್ತು ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. ಸಂತೆಯಲ್ಲಿ ಟಗರು ನೋಡುವುದೂ ಹೀಗೇ. "ಮಾಲು ಚೆನ್ನಾಗೈತೆ," ಅಂದರು. "ಆದ್ರೆ ನಿಂಗೆ ಬಗ್ಗಾಕೆ ಟೇಮ್ ತಗತದೆ ಕಣ್ಲಾ."

ಅನೀಸ್ ಕೂಡ ಅದನ್ನೇ ಹೇಳಿದರು. ಮಾರುವವರೇ ಬೇಡ ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಭಾನ್ವಾರಕ್ಕೆ ಮೂರೇ ದಿನ ಐತೆ ಮುತ್ತಣ್ಣ, ಈಗ ಐದು ತಂತಿಗೆ ಕೈ ಹಾಕ್ಬೇಡಿ, ಬೆರಳು ತಪ್ತದೆ. ನಿಮ್ಮ ಗಿಟಾರ್ ಚೆನ್ನಾಗೇ ಐತೆ." ನಮ್ಮ ಗಿಟಾರಿನ ತಂತಿಯ ಮೇಲೆ ಅವರು ಹೆಬ್ಬೆರಳು ಎಳೆದರು. ಬೆರಳು ಕಪ್ಪಾಯಿತು. "ತಂತಿ ಬದಲಾಯಿಸಿ ಎಷ್ಟು ವರ್ಷ ಆಯ್ತು?"

ಇವರು ಚಾವಣಿ ನೋಡಿದರು.

"ಹೊಸದು ಬೆಂಗಳೂರಿಂದ ತರಿಸ್ಬೇಕು, ಒಂದು ವಾರ ಆಗ್ತದೆ. ಅಲ್ಲೀಗಂಟ ಇವನ್ನ ಬಿಚ್ಚಿ ಕುದಿಯೋ ನೀರಲ್ಲಿ ಹಾಕಿ. ತಂತಿ ಮೇಲಿನ ಸುರುಳಿ ಸಂದೀಲಿರೋ ಬೆವರು, ಜಿಡ್ಡು ಎಲ್ಲ ಬಿಟ್ಕೊಂಡು ಹೊಸದರಂಗೆ ಝಣ್ ಅಂತವೆ. ಎರಡು ಮೂರು ಪ್ರೋಗ್ರಾಮ್‌ಗೆ ಸಾಕು. ನಾವೆಲ್ಲ ಹಂಗೇ ಮಾಡ್ತಿದ್ವಿ."

ಮನೆಗೆ ಬಂದು ತಂತಿ ಬಿಚ್ಚಿದ್ದಾಯಿತು. ಅತ್ತೆ ಪಾತ್ರೆ ಕೊಡಲಿಲ್ಲ. ಹತ್ತು ವರ್ಷದ ಮದುವೆಮನೆಗಳ ಬೆವರನ್ನು ಹುರುಳಿ ಬೇಯಿಸುವ ಪಾತ್ರೆಗೆ ಹಾಕುವುದು ಅವರಿಗೆ ಒಪ್ಪಿಗೆಯಾಗಲಿಲ್ಲ, ಅವರದೂ ನ್ಯಾಯವೇ. ಆಗ ನಾನು ಜಂಬದಿಂದ ಹೇಳಿದೆ: "ಕೊಡಿ ಇಲ್ಲಿ. ನಮ್ ಕೆಲಸದ್ ಕಡೆ ಬೆಳಗಿಂದ ಸಂಜೇಗಂಟ ಕುದಿಯೋ ನೀರಿಗೇನ್ ಬರ?"

ಶುಕ್ರವಾರ ತೊಟ್ಟಿಗೆ ಬಿಡುವಿರಲಿಲ್ಲ. ಶನಿವಾರ ಆ ನಾಲ್ಕು ತಂತಿಯನ್ನು ಊಟದ ಡಬ್ಬಿಯ ಜೊತೆ ಬ್ಯಾಗಿನಲ್ಲಿ ಸುತ್ತಿಟ್ಟುಕೊಂಡು ಹೋದೆ. ಮಧ್ಯಾಹ್ನ ಗೂಡು ಬೇಯಿಸುವ ತೊಟ್ಟಿಯಲ್ಲಿ ಒಂದು ಸರದಿ ಮುಗಿದಿತ್ತು. ಇನ್ನೊಂದು ಸರದಿ ಹಾಕುವ ಮೊದಲು ತಂತಿಗಳನ್ನು ಒಳಗೆ ಬಿಟ್ಟೆ. ಪಕ್ಕದ ತೊಟ್ಟಿಯ ರಹೀಮಾ ಇಣುಕಿ, "ಏನೇ ಇದು, ಯಾವ್ ಹುಳ ಕಟ್ಟಿದ್ ಗೂಡು?" ಅಂತ ಕೇಳಿದಳು. "ನಮ್ಮೆಜಮಾನ್ರು" ಅಂದೆ. ಗೂಡನ್ನು ತಿರುವುವ ಹಾಗೇ ಕೋಲಿನಿಂದ ಚೆನ್ನಾಗಿ ತಿರುವಿದೆ. ಹೊರಗೆ ತೆಗೆದಾಗ ತಂತಿ ಸುತ್ತ ಒಂದೆರಡು ಎಳೆ ರೇಷ್ಮೆ ಸುತ್ತಿಕೊಂಡಿತ್ತು. ಕೈಗೆ ಸಿಕ್ಕಷ್ಟು ಬಿಡಿಸಿ ಬಿಸಿಲಿಗೆ ಹಾಕಿದೆ. ಒಣಗಿ ಪಳಪಳ ಹೊಳೆದವು. ಹೊಸ ತಂತಿಯೂ ಹೀಗಿರುತ್ತದೋ ಇಲ್ಲವೋ ಅಂತ ನನಗೇ ಹೆಮ್ಮೆಯಾಯಿತು.

ಒಂಬತ್ತು ವರ್ಷ ಅದೇ ತೊಟ್ಟಿಯಲ್ಲಿ ಕೈ ಅದ್ದಿದವಳು ನಾನು. ಸಂಜೆ ಬೆರಳಿಗೆ ಬೆರಳು ಅಂಟಿಕೊಳ್ಳುವುದು ಯಾಕೆ ಅಂತ ನನಗೆ ಗೊತ್ತಿಲ್ಲವೇ? ಮಧ್ಯಾಹ್ನದ ಹೊತ್ತಿಗೆ ಆ ತೊಟ್ಟಿಯಲ್ಲಿರುವುದು ಬರೀ ನೀರಲ್ಲ, ಸಾವಿರಾರು ಗೂಡು ಬಿಟ್ಟ ಅಂಟು. ಅವತ್ತು ಅದು ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಇವರು ತಂತಿ ಕಟ್ಟಿ, ಬಿಗಿ ಮಾಡಿ, ಆಸೆಯಿಂದ ಮೀಟಿದರು. ದೊಪ್ ಅಂತು. ಇನ್ನೊಂದು ಮೀಟಿದರು, ಅದೂ ದೊಪ್. ತುಂಬಿದ ರಾಗಿ ಮೂಟೆಗೆ ಗುದ್ದಿದ ಹಾಗಿತ್ತು. ಇವರು ತಂತಿಯನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಯಾವ್ ನೀರಲ್ಲಿ ಕುದಿಸ್ದೆ, ಮಾನ್ಯ?"

ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಸುರುಳಿಯ ಸಂದಿಯೆಲ್ಲ ಅಂಟು ತುಂಬಿ ಗಟ್ಟಿಯಾಗಿತ್ತು. ಬಿಸಿನೀರಲ್ಲಿ ಬಟ್ಟೆ ಅದ್ದಿ ಎಷ್ಟು ತಿಕ್ಕಿದರೂ ಬರಲಿಲ್ಲ. ಗಂಡನ ಜಾಗ ಉಳಿಸಲು ಹೋಗಿ ನಾನೇ ಅದನ್ನು ಕಳೆದುಬಿಟ್ಟೆ ಅನ್ನಿಸಿತು. ಇವರು ಒಂದು ಮಾತು ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. "ಬುಡು, ಬೆರಳಿಗೆ ಮೆತ್ತಗೈತೆ," ಅಂದು ಗಿಟಾರನ್ನು ಚೀಲಕ್ಕೆ ಹಾಕಿದರು.

ಬೀಗರೂಟ ಅಂದರೆ ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟ, ಅವತ್ತು ಆರ್ಕೆಸ್ಟ್ರಾ ಕೇಳಲು ಯಾರೂ ಬರುವುದಿಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಇದಕ್ಕೆ ಬರುತ್ತಾರೆ. ಶಾಮಿಯಾನದ ಕೆಳಗೆ ಸಾಲು ಮೇಜಿನ ಮೇಲೆ ಎಲೆ, ಒಂದು ತುದಿಯಲ್ಲಿ ಸ್ಟೇಜು. ಎಲೆಗೆ ತಲೆ ಬಗ್ಗಿಸಿದವರು ಹಾಡಿಗೆ ತಲೆ ಎತ್ತುವುದು ಕಡಿಮೆ. ನಾನು ಹಿಂದೆಯೂ ಇಂಥ ಎಷ್ಟೋ ಕಡೆ ಇವರ ಜೊತೆ ಹೋಗಿ, ಗಾಯಕಿ ಚೈತ್ರಾಳ ಸೀರೆ ನೋಡಿಕೊಂಡು, ಹೊಟ್ಟೆ ತುಂಬ ಉಂಡು ಬಂದಿದ್ದೇನೆ. ಅವತ್ತು ಸೀರೆ ಯಾವ ಬಣ್ಣವಿತ್ತೋ ನನಗೆ ನೆನಪಿಲ್ಲ. ನಾನು ಮಾಡಿದ ಅನಾಹುತ ಎಲ್ಲಿ ಬಯಲಾಗುತ್ತದೋ ಅಂತ ಆ ದೊಪ್ ಒಂದಕ್ಕೇ ಕಿವಿ ಕೊಟ್ಟು ಕೂತಿದ್ದೆ.

ಕೇಳಿಸಿತು. ಎಳೆದಾಡದೆ, ಬಂದು ತಟ್ಟನೆ ನಿಲ್ಲುತ್ತಿತ್ತು. ಅದು ನಿಂತ ಜಾಗದಲ್ಲಿ ಚೈತ್ರಾಳ ಮಾತು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಮುಂದಿನ ದೊಪ್ ಎಲ್ಲಿ ಬರುತ್ತದೆ ಅಂತ ಎರಡನೇ ಹಾಡಿನ ಹೊತ್ತಿಗೆ ನನಗೆ ಗೊತ್ತಾಗತೊಡಗಿತು. ನನ್ನ ಎದುರಿನ ಎಲೆಯಲ್ಲಿದ್ದ ತಾತ ಮೂಳೆ ಚೀಪುತ್ತ, ಅದೇ ಮೂಳೆಯಿಂದ ಮೇಜಿಗೆ ತಾಳ ಹಾಕುತ್ತಿದ್ದರು. ಅವರು ಹಾಕುತ್ತಿದ್ದದ್ದು ಡ್ರಮ್ಮಿನ ತಾಳವಲ್ಲ, ನನ್ನ ಗಂಡನದು. ಇಷ್ಟು ವರ್ಷ ಇದು ಇಲ್ಲೇ ಇತ್ತೇ, ನಾನು ಕೇಳಿಸಿಕೊಳ್ಳದೆ ಕೇಳಿತು ಕೇಳಿತು ಅಂತ ಸುಳ್ಳು ಹೇಳಿಕೊಂಡು ಬಂದೆನೇ ಅಂತ ತುಂಬ ನಾಚಿಕೆಯಾಯಿತು.

ಐದನೇ ಹಾಡಿನ ಮಧ್ಯೆ ಅದು ಮಾಯವಾಯಿತು. ಹಾಡು ನಡೆಯುತ್ತಲೇ ಇತ್ತು, ಸ್ವಾಮಿಯ ಎಡಗೈ ಏನೋ ಮಾಡುತ್ತಿತ್ತು. ಆದರೆ ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು ನನಗೆ. ತಲೆ ಎತ್ತಿ ನೋಡಿದರೆ ಇವರ ಬೆರಳು ಮೊದಲಿನ ಹಾಗೇ ಆಡುತ್ತಿದೆ. ಸ್ಟೇಜಿನ ಪಕ್ಕ, ಸೌಂಡ್ ಏರಿಸಿ ಇಳಿಸುವ ಮಿಕ್ಸರ್ ಮುಂದೆ ನಟರಾಜಣ್ಣ ನಿಂತಿದ್ದಾನೆ.

ನಾನು ಎಲೆ ಬಿಟ್ಟು ಎದ್ದೆ. ಅರ್ಧ ಊಟಕ್ಕೆ ಏಳುತ್ತೀಯಾ ಅಂತ ಪಕ್ಕದವರು ಗದರಿಸಿದರು. ಎಂಜಲು ಕೈಯಲ್ಲೇ ಹೋಗಿ ನಿಂತೆ.

"ಅಣ್ಣ, ನಮ್ಮೋರ್ದು ಯಾಕೆ ಕಮ್ಮಿ ಮಾಡುದ್ರಿ?"

ಅವನು ಬೆಚ್ಚಿಬಿದ್ದ. "ಅಲ್ಲಿಂದ ನನ್ ಕೈ ಕಾಣ್ತಾ ನಿಂಗೆ?"

"ಕೈ ಕಾಣ್ನಿಲ್ಲ. ಬೇಸ್ ನಿಂತೋಗಿದ್ದು ಕೇಳ್ತು."

"ಒಂದ್ ಸಾಂಗ್ ಸುಮ್ಕೆ ಟೆಸ್ಟ್ ಮಾಡ್ತಿದ್ದೆ ಕಣಮ್ಮ. ನೀನ್ ಅವ್ನ ಎಂಡ್ರು, ನಿಂಗೆ ಕೇಳ್ತದೆ, ಜನಕ್ಕೆ..."

"ಎಂಡ್ರಾಗಿ ಹನ್ನೊಂದ್ ವರ್ಸ ಆಯ್ತು, ಒಂದಿನಾನೂ ಕೇಳಿರ್ನಿಲ್ಲ ಅಣ್ಣ. ಇವತ್ತು ಕೇಳ್ತು. ಅಲ್ನೋಡಿ, ಆ ತಾತ ಮೂಳೆ ಇಡ್ಕಂಡು ಸುಮ್ಕೆ ಕುಂತವ್ರೆ. ಅವ್ರು ಯಾರ್ ಎಂಡ್ರು? ಮೇಲಕ್ಕೆ ತಳ್ಳಿ. ಇಲ್ಲಾಂದ್ರೆ ನಾನೇ ತಳ್ತೀನಿ."

ನನ್ನ ಬೆರಳಿಂದ ಸಾರು ತೊಟ್ಟಿಕ್ಕುತ್ತಿತ್ತು. ಅವನು ಹೆದರಿದ್ದು ನನ್ನ ಮಾತಿಗಲ್ಲ, ಆ ಸಾರಿಗೆ. "ಕೈ ದೂರ ಇಟ್ಕಳಮ್ಮ," ಅಂತ ಅವಸರವಾಗಿ ಮೇಲಕ್ಕೆ ತಳ್ಳಿದ. ದೊಪ್ ವಾಪಸ್ಸು ಬಂತು. ನಟರಾಜಣ್ಣ ತಲೆ ವಾಲಿಸಿ ಕೇಳಿದ. ತಾನೇ ಒಂದು ಸಲ ಇಳಿಸಿದ, ಮತ್ತೆ ಏರಿಸಿದ, ತಾತನ ಕಡೆ ನೋಡಿದ. ತಾತನ ಮೂಳೆ ಮತ್ತೆ ಮೇಜಿಗೆ ಬೀಳುತ್ತಿತ್ತು.

"ತಂತಿ ಬದಲಾಯ್ಸವ್ನಾ?" ಅಂದ.

"ಇಲ್ಲ. ನಾನು ಬೇಯಿಸ್ದೆ."

ಅದೇನು ಅಂತ ಅವನು ಕೇಳಲಿಲ್ಲ. "ಬುಧ್ವಾರ ಕನಕಪುರ ಐತೆ. ಎಲ್ಡು ಗಂಟೆಗೆ ವ್ಯಾನ್ ತಾವ ಬರಾಕೇಳು. ಸ್ವಾಮಿ ಬೇಕಾದ್ರೆ ಕೀಬೋರ್ಡ್ ಸ್ಟ್ಯಾಂಡ್ ತೊಡೆ ಮ್ಯಾಲೆ ಇಟ್ಕಂಡು ಬರ್ಲಿ."

ಆರ್ಕೆಸ್ಟ್ರಾದವರ ಊಟ ಕೊನೆಯ ಪಂಕ್ತಿಯಲ್ಲಿ. ನನ್ನ ಮೊದಲಿನ ಎಲೆ ಎತ್ತಿಬಿಟ್ಟಿದ್ದರು, ಹಾಗಾಗಿ ನಾನೂ ಇವರ ಪಕ್ಕ ಕೂತೆ. ಕನಕಪುರದ ವಿಷಯ ಹೇಳಿದೆ. ಇವರು ತಲೆಯಾಡಿಸಿದರು, ಕಿವಿ ಮಾತ್ರ ಕೆಂಪಗಾಯಿತು.

"ಮಧ್ಯದಲ್ಲಿ ನಿಮ್ ಸೌಂಡ್ ತೆಗ್ದಿದ್ರು," ಅಂದೆ.

"ಗೊತ್ತು ಕಣೆ. ಕಾಲಡಿ ಅಲಗೆ ಅದುರ್ತಿರ್ನಿಲ್ಲ."

"ಗೊತ್ತಿದ್ದೂ ಸುಮ್ಕೆ ನುಡಿಸ್ತಿದ್ರಲ್ಲ, ಯಾರ್ಗೆ?"

ಇವರು ಮುದ್ದೆ ಮುರಿದು ಸಾರಿಗೆ ಅದ್ದಿದರು. "ಚೈತ್ರಾ ನನ್ ಬೆರಳು ನೋಡ್ಕಂಡೇ ಚರಣ ಎತ್ಕಳಾದು. ನಾನ್ ನಿಲ್ಲಿಸ್ಬುಟ್ರೆ, ಅಷ್ಟು ಜನದ್ ಮುಂದೆ ಆ ಎಣ್ಮಗ ಎಲ್ಲಿಂದ ಎತ್ಕಂಡಾಳು?"

ಇದಕ್ಕೂ ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎಲೆ ಕಡೆ ಕಣ್ಣು ಹೋಯಿತು. ಬಡಿಸುವವರು ನನ್ನ ಎಲೆಗೆ ಮಜ್ಜೆ ತುಂಬಿದ ಒಂದು ನಲ್ಲಿಮೂಳೆ ಹಾಕಿದ್ದರು, ಇಡೀ ಸಾಲಿಗೆ ಅದೊಂದೇ ಬಂದಿತ್ತು. ಅದನ್ನೆತ್ತಿ ಇವರ ಎಲೆಗೆ ಹಾಕಿದೆ.